ಮಾತ್ರೆಯನ್ನೇ ನುಂಗದವರಿಗೆ ಮದ್ದು ನಾಟಲಿಲ್ಲವೇಕೆ?

ಮುಳಬಾಗಿಲು ತಾಲ್ಲೂಕಿನ ಓದುಗರೊಬ್ಬರು (ಹೆಸರು ಬೇಡ ಎಂದಿದ್ದಾರೆ) ಬರೆಯುತ್ತಾರೆ: "ನಮ್ಮ ತಂದೆ ನ್ಯುಮೋನಿಯಾ ಆಗಿ ಐಸಿಯುನಲ್ಲಿದ್ದರು. ಯಾವ ಆಂಟಿಬಯಾಟಿಕ್ಕೂ ಕೆಲಸ ಮಾಡುತ್ತಿಲ್ಲ, ಉಳಿದಿರುವುದು ಕೊಲಿಸ್ಟಿನ್ ಒಂದೇ ಎಂದರು. ಬದುಕಿ ಮನೆಗೆ ಬಂದಿದ್ದಾರೆ, ಆದರೆ ಕಿಡ್ನಿಯ ಸ್ಥಿತಿ ತೋರಿಸುವ ರಕ್ತದ ಕ್ರಿಯಾಟಿನಿನ್ ಅಂಶ ಏರಿದೆ. ನೆಗಡಿಗೂ ಮಾತ್ರೆ ನುಂಗದ ಮನುಷ್ಯ ಅವರು. ಅವರ ಮೈಗೆ ಔಷಧಿ ಒಗ್ಗಿಹೋಗಿದ್ದು ಹೇಗೆ? ನಾನು ಕೋಳಿ ಶೆಡ್ ನಡೆಸುತ್ತೇನೆ. ಅದಕ್ಕೂ ಇದಕ್ಕೂ ಸಂಬಂಧವಿದೆ ಅನ್ನುತ್ತಾರೆ, ನಿಜವೇ?"

ಸಂಪಾದಕರ ಉತ್ತರ:

ಮಾನ್ಯರೇ, ನೀವು ಕಳಿಸಿದ ಕಲ್ಚರ್ ರಿಪೋರ್ಟಿನ (ಯಾವ ಬ್ಯಾಕ್ಟೀರಿಯ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಹೇಳುವ ಪರೀಕ್ಷೆ) ಪ್ರತಿ ನೋಡಿದೆ. ಒಂದರ ಕೆಳಗೊಂದು 'ಆರ್' ಅಕ್ಷರ, ಮೆರೋಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್ ಮುಂದೆಯೂ ಅದೇ. ಆ ಔಷಧಿಗೆ ಬಗ್ಗಲಿಲ್ಲ ಎಂದು ಅದರ ಅರ್ಥ. ಬಗ್ಗದಿದ್ದದ್ದು ನಿಮ್ಮ ತಂದೆಯ ಮೈಯಲ್ಲ, ಮೇಲುಗಡೆ ಹೆಸರು ಬರೆದಿರುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯ. ಅದು ಔಷಧಿಗಳನ್ನು ಎದುರಿಸಲು ಕಲಿತದ್ದು ಬೇರೆಲ್ಲೋ, ಬೇರೆ ಯಾರದೋ ಕರುಳಿನಲ್ಲಿ ಇರಬಹುದು. ವೆಂಟಿಲೇಟರ್ ಕೊಳವೆ, ಕ್ಯಾತಿಟರ್ (ಮೂತ್ರ ಹೋಗಲು ಹಾಕುವ ನಳಿಕೆ), ತೊಳೆಯದ ಕೈ, ಇವೇ ಅದಕ್ಕೆ ದಾರಿ. ಮಾತ್ರೆ ನುಂಗದವರಿಗೆ ಇದು ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಬಹಳ ಇದೆ. ಅದನ್ನು ಬಿಡುವುದೇ ಒಳ್ಳೆಯದು.

ಕೊಲಿಸ್ಟಿನ್ ಹೊಸ ಔಷಧಿಯೇನಲ್ಲ. 1940ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಸಿಕ್ಕಿದ್ದು. ಕಿಡ್ನಿಗೆ ಪೆಟ್ಟು ಕೊಡುತ್ತದೆಂದು 1970ರ ದಶಕದಲ್ಲಿ ವೈದ್ಯರು ಬಹುಮಟ್ಟಿಗೆ ಬದಿಗಿಟ್ಟರು. ಮೆರೋಪೆನೆಮ್ ಗುಂಪಿನ ಔಷಧಿಗಳು ಸೋಲತೊಡಗಿದ ಮೇಲೆ ಬೇರೆ ದಾರಿ ಕಾಣದೆ ಮತ್ತೆ ಕೈಗೆತ್ತಿಕೊಂಡರು. ಹಾಗಾಗಿ ಕ್ರಿಯಾಟಿನಿನ್ ಏರಿತೆಂದು ಡಾಕ್ಟರರ ಮೇಲೆ ಸಿಟ್ಟಾಗುವ ಮೊದಲು ಒಂದು ಮಾತು: ಜೀವವೋ ಕಿಡ್ನಿಯೋ ಎಂದು ತೂಗಿ ನೋಡಬೇಕಾದ ಔಷಧಿ ಅದು. ನಿಲ್ಲಿಸಿದ ಮೇಲೆ ಅನೇಕರಿಗೆ ಸುಧಾರಿಸುತ್ತದೆ. ರಕ್ತ ಪರೀಕ್ಷೆ ಮಾತ್ರ ತಪ್ಪಿಸಬೇಡಿ.

ಇನ್ನು ಕೋಳಿ ಶೆಡ್. ಸಂಬಂಧ ಇದೆ. ಕಾಯಿಲೆಯೇ ಇಲ್ಲದ ಕೋಳಿ, ಹಂದಿಗಳಿಗೆ ಬೇಗ ತೂಕ ಬರಲೆಂದು ಕೊಲಿಸ್ಟಿನ್ನನ್ನು ಫೀಡಿನಲ್ಲಿ ಬೆರೆಸಿ ತಿನ್ನಿಸುವುದು ಹಲವು ದೇಶಗಳಲ್ಲಿ ರೂಢಿಯಾಗಿತ್ತು. 2015ರಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳಲ್ಲಿ, ಮಾಂಸದಲ್ಲಿ, ಆಸ್ಪತ್ರೆಯ ರೋಗಿಗಳಲ್ಲಿ ಎಂಸಿಆರ್-1 ಎಂಬ ಜೀನ್ ಕಂಡರು. ಕೊಲಿಸ್ಟಿನ್ ಬ್ಯಾಕ್ಟೀರಿಯದ ಹೊರಪೊರೆಗೆ ಅಂಟಿಕೊಂಡು ಅದನ್ನು ಹರಿಯುತ್ತದೆ. ಈ ಜೀನ್ ಇದ್ದರೆ ಪೊರೆಯ ಸ್ವರೂಪವೇ ಬದಲಾಗಿ ಔಷಧಿಗೆ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ. ದಿಗಿಲಿನ ಸಂಗತಿ ಎಂದರೆ ಅದು ಕೂತಿರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಯಲ್ಲಿ. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ ಒಂದು ಬ್ಯಾಕ್ಟೀರಿಯ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ಅದನ್ನು ದಾಟಿಸುತ್ತದೆ. ಕೊಟ್ಟವರಲ್ಲಿ ಕಡಿಮೆಯಾಗುವುದೂ ಇಲ್ಲ.

ನಿಮ್ಮ ಶೆಡ್ಡಿನಿಂದಲೇ ತಂದೆಗೆ ಬಂತೆಂದು ಯಾರೂ ಹೇಳಲಾರರು, ಆ ಪಾಪಪ್ರಜ್ಞೆ ಬೇಡ. ಅವರಿಗೆ ಕೊನೆಗೆ ನಾಟಿದ್ದು ಕೊಲಿಸ್ಟಿನ್ನೇ ತಾನೇ. ಆದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮರಿ, ಫೀಡು, ಔಷಧಿ ಮೂರನ್ನೂ ಕಂಪನಿಯವರೇ ಇಳಿಸಿ ಹೋಗುವ ಶೆಡ್‌ಗಳಿವೆ. ಚೀಲದೊಳಗೇನಿದೆ ಎಂದು ಸಾಕುವವರು ಕೇಳುವುದಿಲ್ಲ. ಕೇಳಿ. ಜುಲೈ 2019ರಲ್ಲಿ ಕೇಂದ್ರ ಸರ್ಕಾರ ಕೋಳಿ, ಮೀನು, ದನಕರುಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿದೆ. ಚೀಲದ ಮೇಲಿನ ಚೀಟಿಯಲ್ಲಿ ಆ ಹೆಸರು ಕಂಡರೆ ಚೀಲ ವಾಪಸ್ ಕಳಿಸಿ. ಬೇರೆ ಆಂಟಿಬಯಾಟಿಕ್‌ಗಳನ್ನೂ ಪಶುವೈದ್ಯರು ಬರೆದುಕೊಟ್ಟರೆ ಮಾತ್ರ ಕೊಡಿ. ಸೂಪರ್‌ವೈಸರ್ ಗೊಣಗಿದರೆ ಗೊಣಗಲಿ.

ಮೆಡಿಕಲ್ ಸ್ಟೋರಿನ ಕಥೆ ಬೇರೆ ಹೇಳಬೇಕಿಲ್ಲ. ಕೆಂಪು ಗೆರೆಯಿರುವ ಆಂಟಿಬಯಾಟಿಕ್ ಮಾತ್ರೆಗಳ ಪಟ್ಟಿಯನ್ನು ಡಾಕ್ಟರರ ಚೀಟಿಯಿಲ್ಲದೆ ಕತ್ತರಿಸಿ ಕೊಡುವುದನ್ನು ದಿನವೂ ನೋಡುತ್ತೇವೆ. ಹಲವು ಪ್ರಬಲ ಆಂಟಿಬಯಾಟಿಕ್‌ಗಳ ಮಾರಾಟವನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ಎಚ್-1 ನಿಯಮ ಬಂದದ್ದು 2014ರಲ್ಲೇ.

ಈಗ ನೀವು ಮಾಡಬೇಕಾದ್ದು: ಆ ರಿಪೋರ್ಟನ್ನೂ ಡಿಸ್ಚಾರ್ಜ್ ಸಮ್ಮರಿಯನ್ನೂ ಜೋಪಾನವಾಗಿಡಿ. ಈ ಬ್ಯಾಕ್ಟೀರಿಯ ಕಾಯಿಲೆ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕರುಳಿನಲ್ಲಿ ಉಳಿಯಬಹುದು. ತಂದೆಯವರನ್ನು ಮತ್ತೆ ಯಾವ ಆಸ್ಪತ್ರೆಗೆ ಸೇರಿಸಿದರೂ ಮೊದಲ ದಿನವೇ ಎರಡನ್ನೂ ತೋರಿಸಿ. ಮನೆಯಲ್ಲಿ ಅವರ ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ, ಮೊಮ್ಮಕ್ಕಳನ್ನು ದೂರ ಇಡಬೇಕಿಲ್ಲ. ಕಕ್ಕಸಿಗೆ ಹೋಗಿ ಬಂದ ಮೇಲೆ, ಅಡುಗೆಗೆ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆದರೆ ಸಾಕು.