ಪತ್ರಕರ್ತ ಸಂಸದನಾದ ಮೇಲೆ ಮೊದಲಿನಂತೆ ಪ್ರಶ್ನಿಸಬಲ್ಲನೇ?

ಪತ್ರಿಕೆಯಲ್ಲಿ ಬರೆದು ಹೆಸರು ಮಾಡಿದವರು ಸಂಸದರಾದ ಮೇಲೂ ಅದೇ ಧೈರ್ಯದಿಂದ ಪ್ರಶ್ನಿಸಬಲ್ಲರೇ ಎಂದು ಕೇಳಿದ್ದೀರಿ. ನಾನು ಮೈಸೂರಿನ ಮತದಾರ, ಬಹುಕಾಲ ಸುದ್ದಿಮನೆಯಲ್ಲಿ ಕೆಲಸ ಮಾಡಿದವನು. ಎದುರು ಪಕ್ಷವನ್ನು ಧಾರಾಳವಾಗಿ ಪ್ರಶ್ನಿಸಬಲ್ಲರು. ಸ್ವಪಕ್ಷವನ್ನು ಪ್ರಶ್ನಿಸುವುದು ಬಹಳ ಕಷ್ಟ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕ್ಷೇತ್ರವನ್ನೇ ನೋಡಿ. ‘ವಿಜಯ ಕರ್ನಾಟಕ’ದ ‘ಬೆತ್ತಲೆ ಜಗತ್ತು’ ಅಂಕಣದಿಂದ ಮನೆಮಾತಾಗಿ, ಬಳಿಕ ‘ಕನ್ನಡಪ್ರಭ’ ಸೇರಿದ ಪ್ರತಾಪ ಸಿಂಹ ಅವರು 2014ರಲ್ಲಿ ಮೈಸೂರು–ಕೊಡಗಿನಿಂದ ಬಿಜೆಪಿ ಅಭ್ಯರ್ಥಿಯಾಗಿ ಎಚ್. ವಿಶ್ವನಾಥ್ ಅವರನ್ನು 31 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 2019ರಲ್ಲಿ ಅಂತರ 1.38 ಲಕ್ಷ ದಾಟಿತು. ಅವರ ಒಲವು ಯಾವ ಕಡೆಗಿದೆ ಎಂಬುದು ಅಂಕಣ ಓದುತ್ತಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಓದುಗರಿಗೆ ಮೋಸವಾಯಿತು ಎಂಬ ದೂರನ್ನು ನಾನು ಒಪ್ಪುವುದಿಲ್ಲ.

ವರದಿಗಾರಿಕೆಯ ಅಭ್ಯಾಸ ಉಪಯೋಗಕ್ಕೂ ಬಂತು. ಬೆಂಗಳೂರು–ಮೈಸೂರು ಹೆದ್ದಾರಿಯ ಕಾಮಗಾರಿ ಎಲ್ಲಿಗೆ ಬಂತು ಎಂಬುದನ್ನು ಅವರು ಸಾಮಾಜಿಕ ಜಾಲತಾಣದಲ್ಲಿ ಆಗಾಗ ತಿಳಿಸುತ್ತಿದ್ದರು. ಆದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ರಾಮನಗರದ ಬಳಿ ಮಳೆನೀರು ನಿಂತು ವಾಹನಗಳು ಸಿಕ್ಕಿಕೊಂಡವು; ಟೋಲ್ ವಿರುದ್ಧವೂ ಕೂಗೆದ್ದಿತು. ಸರ್ಕಾರದ ಯೋಜನೆಯನ್ನು ತನ್ನದೆಂದು ಹೊತ್ತು ತಿರುಗಿದ ಸಂಸದ, ಯಾವ ಪಕ್ಷದವನೇ ಆಗಲಿ, ಇಂಥ ಹೊತ್ತಿನಲ್ಲಿ ಅಂಕಣಕಾರನ ಸಿಟ್ಟನ್ನು ಎಲ್ಲಿಂದ ತರಬೇಕು?

ಕಾನೂನಿನ ಕಟ್ಟೂ ಇದೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ, ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಪ್ರಶ್ನೆ ಕೇಳುವುದಕ್ಕೆ ಈ ಅಡ್ಡಿಯಿಲ್ಲ. ಅಲ್ಲಿ ಬಾಯಿ ಕಟ್ಟುವುದು ಮುಂದಿನ ಚುನಾವಣೆಯ ಟಿಕೆಟ್.

ಸಹಿಯ ತೂಕವೂ ಬದಲಾಗುತ್ತದೆ, ಹೊರಗಿನವರಿಗೆ ಇದು ಅಷ್ಟಾಗಿ ಕಾಣುವುದಿಲ್ಲ. ಪತ್ರಕರ್ತನ ಹೆಸರು ಅವನೇ ಬರೆದ ಲೇಖನದ ಮೇಲಿರುತ್ತದೆ. ಸಂಸದನ ಸಹಿ ಬೀಳುವುದು ಹೆಚ್ಚಾಗಿ ಬೇರೆಯವರ ಕೋರಿಕೆಗಳ ಮೇಲೆ: ಆಸ್ಪತ್ರೆ ಖರ್ಚಿಗೆ ಪರಿಹಾರ ನಿಧಿಯ ಪತ್ರ, ರೈಲು ನಿಲುಗಡೆಯ ಮನವಿ, ಸಂಸತ್ತು ನೋಡಲು ಪಾಸ್. ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿಯಲ್ಲೂ ಅವನು ಕಾಮಗಾರಿಗೆ ಶಿಫಾರಸು ಮಾಡಬಹುದಷ್ಟೇ, ಮಂಜೂರಾತಿ ಜಿಲ್ಲಾಡಳಿತದ್ದು. 2023ರ ಡಿಸೆಂಬರ್ 13ರಂದು ಲೋಕಸಭೆಯೊಳಗೆ ಜಿಗಿದ ಇಬ್ಬರ ಬಳಿ ಇದ್ದದ್ದು ಪ್ರತಾಪ ಸಿಂಹ ಅವರ ಶಿಫಾರಸಿನ ಮೇಲೆ ಸಿಕ್ಕ ಪಾಸ್. ಮರುವರ್ಷ ಟಿಕೆಟ್ ಯದುವೀರ್ ಒಡೆಯರ್ ಅವರಿಗೆ ಹೋಯಿತು. ಎರಡಕ್ಕೂ ನಾನು ಗಂಟು ಹಾಕುತ್ತಿಲ್ಲ. ದಿನವೂ ಬರುವ ಇಂಥ ಕೋರಿಕೆಗಳ ನಡುವೆ ಅಂಕಣ ಬರೆಯುವವನ ಏಕಾಗ್ರತೆ ಉಳಿಯುವುದಿಲ್ಲ ಎನ್ನುತ್ತಿದ್ದೇನೆ.

ಹಾಗೆಂದು ಪತ್ರಕರ್ತರು ಸಂಸತ್ತಿಗೆ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ‘ಪ್ರಪಂಚ’ ಪತ್ರಿಕೆಯ ಪಾಟೀಲ ಪುಟ್ಟಪ್ಪನವರು 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿದ್ದರು. ಮಂಗಳೂರಿನ ಬೆನಗಲ್ ಶಿವರಾಯರು ಪತ್ರಕರ್ತರಾಗಿದ್ದೇ ಸಂವಿಧಾನ ಸಭೆಗೂ ಮೊದಲ ಲೋಕಸಭೆಗೂ ಹೋದವರು. ಮುಂದೆ ಸಂವಿಧಾನ ರಚನೆಯ ದಾಖಲೆಗಳನ್ನು ಸಂಪುಟಗಳಾಗಿ ಸಂಪಾದಿಸಿ ಕೊಟ್ಟರು. ಕಾಗದಪತ್ರ ಹುಡುಕುವ ಪತ್ರಕರ್ತನ ಹಟ ದೇಶಕ್ಕೆ ಒದಗಿದ್ದು ಹೀಗೆ.

ನಿಮ್ಮ ಸಂಸದರು ಹಿಂದೆ ಪತ್ರಕರ್ತರಾಗಿದ್ದರೆ ಲೋಕಸಭೆಯ ಜಾಲತಾಣದಲ್ಲಿ ಅವರ ಹೆಸರಿನಡಿ ಪ್ರಶ್ನೆಗಳನ್ನೂ ಸಚಿವರ ಉತ್ತರಗಳನ್ನೂ ತೆರೆದು ಓದಿ. ಸ್ವಪಕ್ಷದ ಸಚಿವರು ಉತ್ತರಿಸಲು ತಡವರಿಸುವಂಥ ಪ್ರಶ್ನೆ ಅಲ್ಲಿ ಎಷ್ಟಿವೆ ನೋಡಿ.