ಮಷೀನ್ ಹೆಡ್ ನಿಜಕ್ಕೂ ಅಷ್ಟು ದೊಡ್ಡ ಆಲ್ಬಮ್ಮಾ, ಇಲ್ಲ ಹಳಬರ ಮೋಹವಾ?

ನಿಮ್ಮ ಪ್ರಶ್ನೆ ಇಷ್ಟು: "ಇಂಗ್ಲಿಷ್ ರಾಕ್ ತಂಡ ಡೀಪ್ ಪರ್ಪಲ್‌ನ ಮಷೀನ್ ಹೆಡ್ ಅಂದರೆ ನಮ್ಮ ಚಿಕ್ಕಪ್ಪನ ವಯಸ್ಸಿನವರೆಲ್ಲ ಕುಣಿದಾಡುತ್ತಾರೆ. ನಾನೂ ಕೇಳಿದೆ. ಸ್ಮೋಕ್ ಆನ್ ದ ವಾಟರ್ ಗೊತ್ತಿದ್ದ ಹಾಡೇ, ಉಳಿದದ್ದರಲ್ಲಿ ವಿಶೇಷ ಕಾಣಲಿಲ್ಲ. ಆಲ್ಬಮ್ ಚೆನ್ನಾಗಿದೆಯಾ, ಇಲ್ಲ ಹಳೇ ನೆನಪಿನ ಮೋಹವಾ?"

ನಾನೂ ಆ ಚಿಕ್ಕಪ್ಪನ ವಯಸ್ಸಿನವನೇ. ಮೋಹ ಇದೆ, ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ನೀವು ಹೇಳಿದ ಆ ಒಂದು ಹಾಡೇ ಈ ಆಲ್ಬಮ್ಮಿಗೆ ಶತ್ರು ಅಂತ ನನ್ನ ವಾದ. ಅದು ಎಷ್ಟು ಪ್ರಸಿದ್ಧ ಅಂದರೆ ಅದರ ಹಿಂದೆ ನಿಂತಿರುವ ಬೇರೆ ಆರು ಹಾಡುಗಳು ಯಾರ ಕಣ್ಣಿಗೂ ಬೀಳೋದಿಲ್ಲ.

ಮೊದಲು ಮೋಹದ ಲೆಕ್ಕ ಮುಗಿಸಿಬಿಡುತ್ತೇನೆ. 1990ರಲ್ಲಿ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಇಂಥ ಆಲ್ಬಮ್ ಬೇಕಾದರೆ ಖಾಲಿ ಕ್ಯಾಸೆಟ್ ತಗೊಂಡು, ರೆಕಾರ್ಡಿಂಗ್ ಮಾಡಿಕೊಡುವ ಅಂಗಡಿಗೆ ಹೋಗಬೇಕಿತ್ತು. ಹಾಡಿನ ಪಟ್ಟಿ ಚೀಟಿಯಲ್ಲಿ ಬರೆದುಕೊಟ್ಟು ಬಂದರೆ ನಾಲ್ಕು ದಿನ ಬಿಟ್ಟು ಬಾ ಅನ್ನುತ್ತಿದ್ದರು. ನಾನು ಕೊಟ್ಟದ್ದು 60 ನಿಮಿಷದ ಕ್ಯಾಸೆಟ್, ಬದಿಗೆ 30 ನಿಮಿಷ. ಆಲ್ಬಮ್ ಇರೋದೇ 40 ನಿಮಿಷದ ಒಳಗೆ. ಎಲ್‌ಪಿಯ ಮೊದಲ ಬದಿಯ ನಾಲ್ಕು ಹಾಡು ಸುಮಾರು 20 ನಿಮಿಷ. ಅಲ್ಲಿಗೆ ನಿಲ್ಲಿಸಿ, ಕ್ಯಾಸೆಟ್ ತಿರುಗಿಸಿ, ಉಳಿದ ಮೂರು ಹಾಡು ಆ ಕಡೆ ಹಾಕಿದ್ದರೆ ಸರಿಹೋಗುತ್ತಿತ್ತು. ಅಂಗಡಿಯವನು ಜಾಣ. ಜಾಗ ಯಾಕೆ ಹಾಳು ಮಾಡೋದು ಅಂತ ಸ್ಮೋಕ್ ಆನ್ ದ ವಾಟರನ್ನೂ ಅದೇ ಬದಿಗೆ ತುಂಬಿದ. ಅದರ ಹಿಂದೆ 'ಲೇಜಿ' ಶುರುವಾಯಿತು. ನಾಲ್ಕು ನಿಮಿಷ ಓಡುವಷ್ಟರಲ್ಲಿ ಟೇಪು ಮುಗಿಯಿತು. ಟಕ್!

ತಮಾಷೆ ಏನು ಗೊತ್ತಾ? ಆ ಹಾಡು ಏಳು ನಿಮಿಷಕ್ಕೂ ಜಾಸ್ತಿ ಇದೆ. ಮೊದಲ ನಾಲ್ಕು ನಿಮಿಷ ಬರೀ ಆರ್ಗನ್, ಗಿಟಾರ್. ಆಮೇಲೇ ಗಾಯಕ ಬಾಯಿ ತೆರೆಯೋದು. ನನಗೆ ಸಿಕ್ಕಿದ್ದು ಬಾಯಿ ತೆರೆಯುವ ಮುಂಚಿನ ಭಾಗ ಮಾತ್ರ. ಎಂಟು ವರ್ಷ ನಾನು ಲೇಜಿಯನ್ನು ಮಾತಿಲ್ಲದ ಹಾಡು ಅಂತಲೇ ನಂಬಿದ್ದೆ. ಹಾಸ್ಟೆಲ್‌ನಲ್ಲಿ ಇನ್ನೊಬ್ಬರಿಗೆ ಹಾಗೇ ಹೇಳಿ, ಜ್ಞಾನಿ ಅನ್ನಿಸಿಕೊಂಡಿದ್ದೂ ಉಂಟು. ಮುಂದೆ ಕೆಲಸಕ್ಕೆ ಸೇರಿ ಸಿಡಿ ಕೊಂಡು ಕೇಳುತ್ತಿದ್ದಾಗ ಇದ್ದಕ್ಕಿದ್ದಂತೆ ಇಯಾನ್ ಗಿಲನ್ ಹಾಡೋಕೆ ಶುರು ಮಾಡಿದ. ಯಾರೋ ಅಪರಿಚಿತರು ಮನೆಯೊಳಗೆ ಬಂದು ಕೂತ ಹಾಗಾಯಿತು.

ಇದು ನನ್ನ ಮೋಹ. ಇದನ್ನು ನಿಮಗೆ ದಾಟಿಸೋಕೆ ಆಗೋದಿಲ್ಲ. ದಾಟಿಸೋಕೆ ಆಗೋದು ಬೇರೆ ಇದೆ.

ಡಿಸೆಂಬರ್ 1971. ಐದು ಜನ ಇಂಗ್ಲಿಷರು ಸ್ವಿಟ್ಜರ್‌ಲೆಂಡಿನ ಮಾಂತ್ರೋ ಊರಿಗೆ ಆಲ್ಬಮ್ ಮಾಡೋಕೆ ಬಂದರು. ಗಿಲನ್ ಹಾಡೋದು, ರಿಚಿ ಬ್ಲ್ಯಾಕ್‌ಮೋರ್ ಗಿಟಾರ್, ರಾಜರ್ ಗ್ಲೋವರ್ ಬೇಸ್, ಜಾನ್ ಲಾರ್ಡ್ ಆರ್ಗನ್, ಇಯಾನ್ ಪೇಸ್ ಡ್ರಮ್ಸ್. ಮಾಮೂಲಿ ಸ್ಟುಡಿಯೋ ಬೇಡ, ವೇದಿಕೆ ಮೇಲೆ ನುಡಿಸುವ ಹಾಗೆ ನುಡಿಸಬೇಕು ಅನ್ನೋದು ಆಸೆ. ಅದಕ್ಕೆ ಜಿನೀವಾ ಸರೋವರದ ದಡದಲ್ಲಿರುವ ಕ್ಯಾಸಿನೋ ಸಭಾಂಗಣ ಗೊತ್ತು ಮಾಡಿದ್ದರು. ರೋಲಿಂಗ್ ಸ್ಟೋನ್ಸ್‌ನವರ ರೆಕಾರ್ಡಿಂಗ್ ಲಾರಿಯನ್ನೂ (ಲಾರಿಯೊಳಗೇ ಸ್ಟುಡಿಯೋ) ಬಾಡಿಗೆಗೆ ತಂದಿದ್ದರು. ಕ್ಯಾಸಿನೋದಲ್ಲಿ ಒಂದೇ ಒಂದು ಕಾರ್ಯಕ್ರಮ ಬಾಕಿ ಇತ್ತು, 4ನೇ ತಾರೀಕು ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಪಾ ಅವರದ್ದು. ಅದು ಮುಗಿದರೆ ಜಾಗ ಇವರದ್ದು. ಸರಿ, ಕೇಳೋಣ ಅಂತ ಇವರೂ ಹೋಗಿ ಕೂತರು. ಪ್ರೇಕ್ಷಕರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಫ್ಲೇರ್ ಗನ್ ತೆಗೆದು ಛಾವಣಿಗೆ ಹಾರಿಸಿದ. ಬೆಂಕಿ ಹತ್ತಿಕೊಂಡಿತು. ಸಾವು ಆಗಲಿಲ್ಲ, ಆದರೆ ಕ್ಯಾಸಿನೋ ಪೂರ್ತಿ ಸುಟ್ಟುಹೋಯಿತು. ಜಪಾ ತಂಡದ ವಾದ್ಯಗಳೂ ಹೋದವು. ಊರಿನ ಜಾಜ್ ಉತ್ಸವ ನಡೆಸುತ್ತಿದ್ದ ಕ್ಲೋಡ್ ನೋಬ್ಸ್ ಒಳಗೆ ಸಿಕ್ಕಿಕೊಂಡಿದ್ದ ಹುಡುಗರನ್ನು ಹೊರಗೆ ಎಳೆದು ತಂದರು. ಹೊಗೆ ಸರೋವರದ ಮೇಲೆ ಹರಡಿತು. ಇವರು ದೂರದಿಂದ ನೋಡುತ್ತಾ ನಿಂತರು.

ಸ್ಮೋಕ್ ಆನ್ ದ ವಾಟರ್ ಹಾಡಿನ ಕಥೆ ಇದೇ. ಕವಿತೆಯಲ್ಲ, ಪಂಚನಾಮೆ.

ಮುಂದಿನ ಭಾಗ ನನಗೆ ಜಾಸ್ತಿ ಇಷ್ಟ. ಜಾಗ ಹೋಯಿತು, ಲಾರಿ ಬಾಡಿಗೆ ಓಡುತ್ತಿದೆ. ನೋಬ್ಸ್ ಅವರೇ ಓಡಾಡಿ ಪೆವಿಲಿಯನ್ ಅನ್ನುವ ನಾಟಕಶಾಲೆ ಕೊಡಿಸಿದರು. ರಾತ್ರಿ ಹೊತ್ತು ಅಲ್ಲಿ ಆಂಪ್ಲಿಫೈಯರ್ ಹಾಕಿ ಒಂದು ಹಾಡು ನುಡಿಸಿದರು. ಅಕ್ಕಪಕ್ಕದವರ ನಿದ್ದೆ ಕೆಟ್ಟಿತು, ಪೊಲೀಸರು ಬಂದರು. ಟೇಕ್ ಮುಗಿಯುವ ತನಕ ತಂಡದ ಹುಡುಗರು ಒಳಗಿನಿಂದ ಬಾಗಿಲು ಒತ್ತಿ ಹಿಡಿದುಕೊಂಡಿದ್ದರಂತೆ. ಆ ರಾತ್ರಿ ದಕ್ಕಿದ್ದು ಅದೊಂದೇ ಹಾಡು. ಅದಕ್ಕಿನ್ನೂ ಮಾತು ಬರೆದಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಗ್ರ್ಯಾಂಡ್ ಹೋಟೆಲ್. ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಖಾಲಿ ಹೋಟೆಲು. ಅದರ ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ, ಹೀಟರ್ ತಂದಿಟ್ಟುಕೊಂಡು ಶುರು ಮಾಡಿದರು. ಲಾರಿ ಹೊರಗೆ ಹಿಮದಲ್ಲಿ ನಿಂತಿತ್ತು. ನುಡಿಸಿದ್ದು ಹೇಗೆ ಬಂದಿದೆ ಅಂತ ಕೇಳಬೇಕಾದರೆ ಲಾರಿಗೇ ಹೋಗಬೇಕು. ಲಾರಿಗೆ ಹೋಗೋಕೆ ಕೋಣೆ ದಾಟಿ, ಬಾಲ್ಕನಿ ಹತ್ತಿಳಿದು, ಚಳಿಯಲ್ಲಿ ನಡೆಯಬೇಕು. ಒಂದೆರಡು ಸಲ ಹೋದರು. ಆಮೇಲೆ ಬೇಸರ ಬಂತು. ಚೆನ್ನಾಗಿ ಬಂತು ಅನ್ನಿಸುವ ತನಕ ನುಡಿಸೋದು, ಅಷ್ಟೇ. ಕೇಳೋಕೆ ಹೋಗೋದನ್ನೇ ಬಿಟ್ಟರು.

ನನ್ನ ಪ್ರಕಾರ ಈ ಆಲ್ಬಮ್ಮಿನ ಗುಟ್ಟು ಇದೇ. ತಿದ್ದಿಕೊಳ್ಳೋಕೆ ಇವರಿಗೆ ಪುರುಸೊತ್ತೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಕಿವಿ ಇದ್ದದ್ದು ಪಕ್ಕದವನ ಕಡೆ. 'ಪಿಕ್ಚರ್ಸ್ ಆಫ್ ಹೋಮ್' ಹಾಕಿ ನೋಡಿ. ಪೇಸ್‌ನ ಡ್ರಮ್ಸ್ ಒಂದೇ ಉಸಿರಿಗೆ ಉರುಳಿಕೊಂಡು ಬಂದು ಹಾಡನ್ನು ಎಬ್ಬಿಸುತ್ತೆ. ನಡುವೆ ಎಲ್ಲರೂ ಜಾಗ ಬಿಟ್ಟುಕೊಟ್ಟು ಬೇಸ್ ಗಿಟಾರಿಗೆ ಸೋಲೋ ಕೊಡುತ್ತಾರೆ. ರಾಕ್‌ನಲ್ಲಿ ಬೇಸ್ ನುಡಿಸುವವನಿಗೆ ಹೀಗೆ ಮಾತಾಡೋಕೆ ಅವಕಾಶ ಸಿಗೋದು ಅಪರೂಪ. ಹಾಡು ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಏಳುತ್ತೆ. ಬೆಟ್ಟದ ನಡುವೆ ಒಂಟಿಯಾಗಿ ಕೂತು ಮನೆ ನೆನೆಸಿಕೊಳ್ಳುವ ಹಾಡು. ಆ ಚಳಿ ಹೋಟೆಲಿನಲ್ಲಿ ಕೂತವರು ಇನ್ನೇನು ಬರೆದಾರು?

ಇನ್ನೊಂದು, ಆರ್ಗನ್. ಹೊಸಬರು ಗಿಟಾರಿಗೇ ಕಿವಿ ಕೊಡುತ್ತಾರೆ, ಅಲ್ಲೇ ಎಡವೋದು. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸುತ್ತಿದ್ದರು. ಚರ್ಚಿನಲ್ಲಿ ಮೆತ್ತಗೆ ಕೂತಿರಬೇಕಾದ ವಾದ್ಯ ಗುರುಗುಟ್ಟೋಕೆ ಶುರು ಮಾಡುತ್ತೆ. ಎಷ್ಟೋ ಕಡೆ ಗಿಟಾರ್ ಅಂತ ನೀವು ಕೇಳಿಸಿಕೊಂಡದ್ದರಲ್ಲಿ ಅರ್ಧ ಪಾಲು ಅವರದ್ದು. 'ಹೈವೇ ಸ್ಟಾರ್'ನಲ್ಲಿ ಮೊದಲ ಸೋಲೋ ಅವರದೇ, ಬ್ಲ್ಯಾಕ್‌ಮೋರ್‌ನ ಪ್ರಸಿದ್ಧ ಸೋಲೋ ಬರೋದು ಅದರ ನಂತರ. ಇಬ್ಬರೂ ಜರ್ಮನಿಯ ಶಾಸ್ತ್ರೀಯ ಸಂಗೀತಗಾರ ಬಾಖ್‌ನ ಮನೆಯಿಂದ ಸಾಲ ತಂದವರು. ಅಂದಹಾಗೆ ಆ ಹಾಡು ಹುಟ್ಟಿದ್ದು ಬಸ್ಸಿನಲ್ಲಿ. ಪೋರ್ಟ್ಸ್‌ಮತ್‌ಗೆ ಹೋಗುವಾಗ ಪತ್ರಕರ್ತರೊಬ್ಬರು ನೀವು ಹಾಡು ಹೇಗೆ ಕಟ್ಟುತ್ತೀರಿ ಅಂತ ಕೇಳಿದರು. ಹೀಗೆ ಅಂತ ಬ್ಲ್ಯಾಕ್‌ಮೋರ್ ಗಿಟಾರ್ ಎತ್ತಿಕೊಂಡ, ಗಿಲನ್ ಬಾಯಿಗೆ ಬಂದದ್ದು ಹಾಡಿದ. ಅದೇ ರಾತ್ರಿ ವೇದಿಕೆ ಮೇಲೆ ನುಡಿಸಿಯೂ ಬಿಟ್ಟರು.

ಇನ್ನು ಸ್ಮೋಕ್ ಆನ್ ದ ವಾಟರ್. ರೆಕಾರ್ಡಿಂಗ್ ಮುಗಿಯುತ್ತಾ ಬಂದಾಗ ಎಲ್‌ಪಿ ತುಂಬೋಕೆ ಇನ್ನೂ ಕೆಲವು ನಿಮಿಷ ಕಮ್ಮಿ ಬಿತ್ತು. ಆಗ ನೆನಪಾಗಿದ್ದು ಪೊಲೀಸರು ಬಂದ ರಾತ್ರಿಯ ಆ ಹೆಸರಿಲ್ಲದ ಹಾಡು. ಹೆಸರು ಗ್ಲೋವರ್ ಬಾಯಲ್ಲಿ ಒಂದು ಬೆಳಗ್ಗೆ ನಿದ್ದೆಯಿಂದ ಏಳುವಾಗ ತಾನಾಗಿ ಬಂದಿತ್ತು. ಕೇಳಿದವರು ಮಾದಕವಸ್ತುವಿನ ಹಾಡು ಅಂದುಕೊಂಡಾರು ಅಂತ ಮೊದಲು ಹಿಂದೆಮುಂದೆ ನೋಡಿದ್ದರು. ಅಂದರೆ ಜಗತ್ತಿಗೆಲ್ಲ ಬಾಯಿಪಾಠ ಆಗಿರುವ ಈ ಹಾಡು ಜಾಗ ತುಂಬೋಕೆ ಹಾಕಿದ್ದು! ಆಲ್ಬಮ್ 1972ರ ಮಾರ್ಚಿನಲ್ಲಿ ಬಂತು. ಸಿಂಗಲ್, ಅಂದರೆ ಬಿಡಿ ರೆಕಾರ್ಡ್ ಆಗಿ ಅವರು ಆರಿಸಿದ್ದು 'ನೆವರ್ ಬಿಫೋರ್' ಹಾಡನ್ನು. ಸ್ಮೋಕ್ ಅಮೆರಿಕದಲ್ಲಿ ಸಿಂಗಲ್ ಆಗಿದ್ದು 1973ರಲ್ಲಿ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು.

ಅದರ ರಿಫ್, ಅಂದರೆ ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕಿನ ಬಗ್ಗೆ ಒಂದು ಮಾತು. ನಮ್ಮ ಹಾಸ್ಟೆಲ್‌ನಲ್ಲಿ ಗಿಟಾರ್ ಮುಟ್ಟಿದವರೆಲ್ಲ ಇದನ್ನು ಒಂದೇ ತಂತಿಯಲ್ಲಿ ಟೊಂಯ್ ಟೊಂಯ್ ಅನ್ನಿಸುತ್ತಿದ್ದರು. ನಾನೂ ರಜೆಯಲ್ಲಿ ಮನೆಗೆ ಬಂದಾಗ ಅದೇ ಕೆಲಸ. ನಮ್ಮ ಸೋದರತ್ತೆ ವೀಣೆ ಪಾಠ ಹೇಳುತ್ತಿದ್ದರು. ಎರಡು ದಿನ ಸುಮ್ನೆ ಇದ್ದರು. ಮೂರನೇ ದಿನ ಅಡುಗೆಮನೆಯಿಂದಲೇ ಕೇಳಿದರು: "ಅದೇನೋ ಅದು? ಸ ಗ ಮ ಅಂತೀಯ, ಆಮೇಲೆ ಸ ಗ ಅಂದು ಪ್ರತಿಮಧ್ಯಮಕ್ಕೆ ಹೋಗಿ, ಅಲ್ಲಿಂದ ಶುದ್ಧಮಧ್ಯಮಕ್ಕೆ ಜಾರುತೀಯ. ಎರಡು ಮಧ್ಯಮ ಹೀಗೆ ಪಕ್ಕಪಕ್ಕ ನಮ್ಮಲ್ಲಿ ಬರಲ್ಲ ಕಣೋ. ಹಿಂದೂಸ್ತಾನಿಯವರ ಲಲಿತ್‌ನಲ್ಲಿ ಬರುತ್ತೆ." ನನಗೆ ಆಗ ತಲೆಬುಡ ತಿಳಿಯಲಿಲ್ಲ. ಈಗ ಗೊತ್ತು, ಅವರು ಹಿಡಿದದ್ದು ಸರಿಯಾದ ಜಾಗವನ್ನೇ. ಆ ಪ್ರತಿಮಧ್ಯಮದ, ಅಂದರೆ ಮಾಮೂಲಿ ಮಧ್ಯಮಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ವರದ ಚೂರು ಇಲ್ಲದಿದ್ದರೆ ಆ ರಿಫ್ ಸಪ್ಪೆ. ತೆಗೆದು ನುಡಿಸಿ ನೋಡಿ ಬೇಕಾದರೆ.

ನಾವು ಮಾಡುತ್ತಿದ್ದ ತಪ್ಪು ಬೇರೆ. ಬ್ಲ್ಯಾಕ್‌ಮೋರ್ ಅದನ್ನು ಒಂದು ತಂತಿಯಲ್ಲಿ ನುಡಿಸಿಲ್ಲ. ಷಡ್ಜದ ಜೊತೆಗೆ ಕೆಳಗಿನ ಪಂಚಮ, ಹೀಗೆ ಒಂದೊಂದು ಸ್ವರಕ್ಕೂ ಕೆಳಗೊಂದು ಜೊತೆಗಾರ. ಪಿಕ್ (ತಂತಿ ಮೀಟುವ ಬಿಲ್ಲೆ) ಬಿಟ್ಟು ಬೆರಳಿನಿಂದ ಎರಡು ತಂತಿಯನ್ನೂ ಒಟ್ಟಿಗೆ ಮೀಟಿದ್ದಾನೆ. ಆ ದಪ್ಪ ದನಿ ಅಲ್ಲಿಂದ ಬಂದದ್ದು. ಅತ್ತೆಗೆ ಆಲ್ಬಮ್ಮಿನ ಹೆಸರಿನ ಅರ್ಥ ಹೇಳಿದಾಗ ಮಾತ್ರ ನಕ್ಕರು. ಮಷೀನ್ ಹೆಡ್ ಅಂದರೆ ಗಿಟಾರಿನ ತಲೆಯಲ್ಲಿ ತಂತಿ ಬಿಗಿಮಾಡುವ ತಿರುಪು. "ಬಿರಡೆ ಅನ್ನು, ಅದಕ್ಕೇನು ಇಷ್ಟು ದೊಡ್ಡ ಹೆಸರು" ಅಂದರು. ನಮ್ಮ ಮನೆಯಲ್ಲಿ ಇವತ್ತಿಗೂ ಇದು ಬಿರಡೆ ಆಲ್ಬಮ್.

ಕೊರತೆ ಇಲ್ಲವೇ? ಇದೆ. ಸಾಹಿತ್ಯ ಅಷ್ಟಕ್ಕಷ್ಟೇ. ಹೈವೇ ಸ್ಟಾರ್‌ನಲ್ಲಿ ಕಾರು, ಹುಡುಗಿ ಎರಡಕ್ಕೂ ಒಂದೇ ಧಾಟಿಯ ಹೊಗಳಿಕೆ. ಇವತ್ತು ಕೇಳಿದರೆ ನಗು ಬರುತ್ತೆ. 'ಸ್ಪೇಸ್ ಟ್ರಕಿನ್' ಅಂತೂ ಶುದ್ಧ ಹುಡುಗಾಟ. ನೆವರ್ ಬಿಫೋರ್ ನನಗೆ ಯಾವತ್ತೂ ಹಿಡಿಸಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಯೋದು ಏನಂದರೆ, ಅದೇ ದಿನಗಳಲ್ಲಿ ರೆಕಾರ್ಡ್ ಮಾಡಿದ 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಅನ್ನುವ ನಿಧಾನದ, ಎದೆ ಹಿಂಡುವ ಹಾಡನ್ನು ಆಲ್ಬಮ್ಮಿಗೆ ಸೇರಿಸಲೇ ಇಲ್ಲ. ಬ್ಲ್ಯಾಕ್‌ಮೋರ್‌ಗೆ ಹಿಡಿಸಲಿಲ್ಲವಂತೆ. ನೆವರ್ ಬಿಫೋರ್‌ನ ಬೆನ್ನಿಗೆ, ಸಿಂಗಲ್ಲಿನ ಎರಡನೇ ಬದಿಗೆ ಅಂಟಿಸಿದರು. ಹುಡುಕಿ ಕೇಳಿ.

2022ರಲ್ಲಿ ಆಲ್ಬಮ್ಮಿಗೆ 50 ತುಂಬಿದಾಗ ನಮ್ಮ ಹಾಸ್ಟೆಲ್ ವಾಟ್ಸಾಪ್ ಗುಂಪಿನಲ್ಲಿ ವಾರಗಟ್ಟಲೆ ಜಗಳ. ಇಬ್ಬರ ವಾದ: ಮಷೀನ್ ಹೆಡ್ ಬರೀ ನಕ್ಷೆ, ಮನೆ ಕಟ್ಟಿದ್ದು 'ಮೇಡ್ ಇನ್ ಜಪಾನ್'ನಲ್ಲಿ. ಅದು 1972ರ ಆಗಸ್ಟಿನಲ್ಲಿ ಒಸಾಕಾ, ಟೋಕಿಯೋ ಕಾರ್ಯಕ್ರಮಗಳಲ್ಲಿ ರೆಕಾರ್ಡ್ ಆದ ಲೈವ್ ಆಲ್ಬಮ್. ಅದರ ಏಳು ಹಾಡಿನಲ್ಲಿ ನಾಲ್ಕು ಇಲ್ಲಿನವೇ. ಸ್ಪೇಸ್ ಟ್ರಕಿನ್ ಅಲ್ಲಿ 20 ನಿಮಿಷದ ಹತ್ತಿರ ಹೋಗುತ್ತೆ. ವಾದ ಪೂರ್ತಿ ಸುಳ್ಳಲ್ಲ. ಆದರೆ 20 ನಿಮಿಷ ಕೂತು ಕೇಳುವ ತಾಳ್ಮೆ ನನಗೀಗ ಇಲ್ಲ. ಅದೇ ಗುಂಪಿನಲ್ಲಿ 2012ರ ಜುಲೈನಲ್ಲಿ... ಇಲ್ಲ, ಆಗ ವಾಟ್ಸಾಪ್ ಗುಂಪು ಇರಲಿಲ್ಲ, ಈಮೇಲ್ ಇತ್ತು. ಜಾನ್ ಲಾರ್ಡ್ ತೀರಿಕೊಂಡ ಸುದ್ದಿ ಬಂದ ದಿನ ಒಬ್ಬ ಮೇಲ್ ಹಾಕಿದ್ದ. ವಿಷಯದ ಸಾಲಿನಲ್ಲಿ "ಲೇಜಿ" ಅಂತ ಮಾತ್ರ. ಒಳಗೆ ಒಂದಕ್ಷರ ಇರಲಿಲ್ಲ.

2024ರಲ್ಲಿ ಇದರ ಹೊಸ ಮಿಕ್ಸ್ ಬಂದಿದೆ. ಮಾಡಿದ್ದು ಯಾರು ಗೊತ್ತಾ? ಡ್ವೀಜಿಲ್ ಜಪಾ. ಅವತ್ತು ಬೆಂಕಿಯಲ್ಲಿ ವಾದ್ಯ ಕಳೆದುಕೊಂಡ ಫ್ರಾಂಕ್ ಜಪಾ ಅವರ ಮಗ. ನಾನು ಹಳೆಯದಕ್ಕೇ ನಿಷ್ಠ, ನೀವು ಯಾವುದನ್ನಾದರೂ ಕೇಳಿ.

ಕೇಳುವ ಕ್ರಮ ಮಾತ್ರ ನನ್ನ ಮಾತಿನಂತೆ ಇರಲಿ. ಮೊದಲು ಪಿಕ್ಚರ್ಸ್ ಆಫ್ ಹೋಮ್. ಆಮೇಲೆ ಲೇಜಿ, ಗಿಟಾರ್ ಮರೆತು ಆರ್ಗನ್ನಿನ ಬಾಲ ಹಿಡಿದು. ಮೂರನೆಯದು ಹೈವೇ ಸ್ಟಾರ್, ಸ್ವಲ್ಪ ಜೋರಾಗಿ. ಸ್ಮೋಕ್ ಆನ್ ದ ವಾಟರ್ ಒಂದು ವಾರ ಮುಟ್ಟಬೇಡಿ. ಆಮೇಲೂ ಇಷ್ಟ ಆಗಲಿಲ್ಲ ಅಂದರೆ ಬಂದು ಇಲ್ಲೇ ಬರೆಯಿರಿ, ಜಗಳ ಆಡೋಣ. ಲೇಜಿಯಲ್ಲಿ ಗಿಲನ್ ಬಾಯಿ ತೆರೆಯುವ ಜಾಗಕ್ಕೆ ಬಂದಾಗ ನನ್ನ ಕೈ ಈಗಲೂ ಕ್ಯಾಸೆಟ್ ತಿರುಗಿಸೋಕೆ ಏಳುತ್ತೆ. ಅದನ್ನು ನೀವು ಲೆಕ್ಕಕ್ಕೆ ತಗೋಬೇಡಿ.