ಓದುಗರ ಪ್ರಶ್ನೆ: ನಾಟಕ ನೋಡದೇ ಬಹುಮಾನ ಕೊಡಬಹುದಾ?

ಪ್ರಶ್ನೆ: ಅಮೆರಿಕದ ಪುಲಿಟ್ಜರ್ ಬಹುಮಾನ ಪ್ರತಿ ವರ್ಷ ಒಂದು ನಾಟಕಕ್ಕೂ ಸಿಗುತ್ತದೆ. ಒಂದು ಸಲ ತೀರ್ಪುಗಾರರು ನಾಟಕ ನೋಡದೆ, ಬರೀ ಓದಿ ಆರಿಸಿದರಂತೆ. ಇದು ಸರಿನಾ? ನಾಟಕ ಅಂದರೆ ನೋಡೋದಲ್ವಾ?

ಉತ್ತರ: ನಿಜ, 2003ರಲ್ಲಿ ಹಾಗಾಯಿತು. ನನಗಂತೂ ಅದು ತುಂಬಾ ಸರಿ ಅನ್ನಿಸುತ್ತದೆ. ನಿಲೋ ಕ್ರೂಜ್ ಬರೆದ ‘ಅನ್ನಾ ಇನ್ ದಿ ಟ್ರಾಪಿಕ್ಸ್’ ಆಗಿನ್ನೂ ನ್ಯೂಯಾರ್ಕ್ ಮುಖ ನೋಡಿರಲಿಲ್ಲ. ಫ್ಲೋರಿಡಾದ ಕೋರಲ್ ಗೇಬಲ್ಸ್‌ನಲ್ಲಿ, ನೂರು ಚಿಲ್ಲರೆ ಸೀಟಿನ ಪುಟ್ಟ ರಂಗಮಂದಿರದಲ್ಲಿ ಆಡಿದ್ದರು, ಅಷ್ಟೇ. ತೀರ್ಪುಗಾರರ ಕೈಗೆ ಬಂದದ್ದು ಹಸ್ತಪ್ರತಿ ಮಾತ್ರ.

ಆ ನಾಟಕದ ಕಥೆಯೇ ಓದೋದು, ಕೇಳೋದರ ಬಗ್ಗೆ. 1929, ಫ್ಲೋರಿಡಾದ ಟ್ಯಾಂಪಾ ಊರಿನ ಒಂದು ಸಿಗಾರ್ ಕಾರ್ಖಾನೆ. ಕ್ಯೂಬಾದಿಂದ ಬಂದ ಕೆಲಸಗಾರರು ಕೂತು ಹೊಗೆಸೊಪ್ಪು ಸುತ್ತುತ್ತಾರೆ, ಅವರ ಕಿವಿಗೆ ಬೀಳಲಿ ಅಂತ ಒಬ್ಬ ಗಟ್ಟಿಯಾಗಿ ಕಾದಂಬರಿ ಓದುತ್ತಾನೆ. ಇಂಥ ಓದುಗರು ಆ ಊರಲ್ಲಿ ನಿಜಕ್ಕೂ ಇದ್ದರು, ಅವರಿಗೆ ಕೆಲಸಗಾರರೇ ತಮ್ಮ ಕೂಲಿಯಲ್ಲಿ ದುಡ್ಡು ಹಾಕಿ ಕೊಡುತ್ತಿದ್ದರು. ನಾಟಕದಲ್ಲಿ ಅವನು ಓದೋದು ಟಾಲ್‌ಸ್ಟಾಯ್‌ನ ‘ಅನ್ನಾ ಕರೆನಿನಾ’, ಮದುವೆಯಾದ ಹೆಣ್ಣೊಬ್ಬಳು ಬೇರೊಬ್ಬನನ್ನು ಪ್ರೀತಿಸುವ ಕಥೆ. ಕೇಳ್ತಾ ಕೇಳ್ತಾ ಆ ದೂರದ ರಷ್ಯಾದ ಕಥೆ ಇವರ ಮನೆಯೊಳಗೇ ಬಂದು ಗಂಡ ಹೆಂಡತಿ ನಡುವೆ ಕೂತುಬಿಡುತ್ತದೆ. ಹಾಳೆ ಮೇಲಿನ ಮಾತಿಗೇ ಇಷ್ಟು ಶಕ್ತಿ ಇದ್ದಾಗ ಓದಿದವರು ಸುಮ್ನೆ ಹೇಗೆ ಬಿಟ್ಟಾರು?

ಮೊದಲು ನಿಯಮ ಹೀಗಿರಲಿಲ್ಲ. ಈ ಬಹುಮಾನಕ್ಕೆ ದುಡ್ಡಿಟ್ಟ ಪತ್ರಿಕೆ ಮಾಲೀಕ ಜೋಸೆಫ್ ಪುಲಿಟ್ಜರ್ ತಮ್ಮ ಉಯಿಲಿನಲ್ಲಿ ಬರೆದದ್ದು ನ್ಯೂಯಾರ್ಕ್‌ನಲ್ಲಿ ಆಡಿದ ನಾಟಕಕ್ಕೆ ಅಂತ, ಜೊತೆಗೆ ಅದು ಒಳ್ಳೆಯ ನಡತೆ, ಒಳ್ಳೆಯ ಅಭಿರುಚಿ ಬೆಳೆಸಬೇಕು ಅಂತ. ಆ ಷರತ್ತೇ ಉಳಿದಿದ್ದರೆ ಕ್ರೂಜ್ ಹೆಸರು ಪಟ್ಟಿಗೇ ಬರುತ್ತಿರಲಿಲ್ಲ.

ಇನ್ನು ಬ್ರಾಡ್‌ವೇನಲ್ಲಿ, ಅಂದರೆ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳಲ್ಲಿ, ಎಲ್ಲರ ಕಣ್ಣೆದುರೇ ಆಡಿದ ನಾಟಕಕ್ಕಾದರೂ ನ್ಯಾಯ ಸಿಕ್ಕಿತಾ ಅಂದರೆ, 1963ರಲ್ಲಿ ಅದೂ ಇಲ್ಲ. ತೀರ್ಪುಗಾರರು ಎಡ್ವರ್ಡ್ ಆಲ್ಬಿಯ ‘ಹೂಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್?’ ಆರಿಸಿದರು, ಕೊನೆಯ ಮಾತು ಹೇಳುವ ಪುಲಿಟ್ಜರ್ ಮಂಡಳಿ ಒಪ್ಪಲಿಲ್ಲ. ಆ ವರ್ಷ ನಾಟಕಕ್ಕೆ ಬಹುಮಾನವೇ ಇಲ್ಲ. ಬೇಸತ್ತ ಇಬ್ಬರು ತೀರ್ಪುಗಾರರು ರಾಜೀನಾಮೆ ಕೊಟ್ಟು ಹೊರಬಂದರು.

ಹಾಗಂತ ನಿಮ್ಮ ಮಾತು ತಪ್ಪಲ್ಲ. ನಟಿ ಮಾತು ನುಂಗಿಕೊಂಡು ಒಂದು ಕ್ಷಣ ಸುಮ್ಮನೆ ನಿಲ್ಲೋದನ್ನು ಯಾವ ರಂಗಸೂಚನೆಯೂ ಪೂರ್ತಿ ತೋರಿಸಲ್ಲ. ಆದರೆ ಈ ಬಹುಮಾನ ನಾಟಕಕಾರರದ್ದು, 15,000 ಡಾಲರ್ ಹೋಗೋದು ಬರೆದವರ ಕೈಗೆ. ಬಹುಮಾನ ಬಂದ ವರ್ಷವೇ ಕ್ರೂಜ್ ನಾಟಕ ಬ್ರಾಡ್‌ವೇಗೂ ಬಂತು. ಅದು ನಿಮ್ಮ ಕೈಗೆ ಸಿಕ್ಕರೆ ಒಬ್ಬರೇ ಮನಸ್ಸಿನಲ್ಲಿ ಓದಬೇಡಿ, ನಾಲ್ಕು ಜನ ಸೇರಿ ಗಟ್ಟಿಯಾಗಿ ಓದಿ. ಕಾರ್ಖಾನೆಯ ಓದುಗನ ಪಾತ್ರವನ್ನು ನಿಮ್ಮಲ್ಲಿ ಒಳ್ಳೆ ದನಿ ಇರೋರಿಗೆ ಕೊಡಿ.